ನೀರುಗುಳ್ಳೆ ರೋಗದ ಚಿಕಿತ್ಸೆಯೂ ಸಂತಾನ ಯೋಜನೆಯೂ



ಬಾಯಲ್ಲಿ ವಾಸಿಯಾಗದ ಹುಣ್ಣು, ಮೈಮೇಲೆ ನೀರುಗುಳ್ಳೆ, ಅದು ಒಡೆದಲ್ಲಿ ಸುಲಿದ ಹಸಿಗಾಯ, ಇವು ಪೆಂಫಿಗಸ್ ಎಂಬ ರೋಗದ ಲಕ್ಷಣಗಳು. ಇದು ಸರ್ಪಸುತ್ತಲ್ಲ, ನಾಗದೋಷವಲ್ಲ, ಅಂಟುರೋಗವೂ ಅಲ್ಲ. ಶರೀರವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಚರ್ಮದ ಜೀವಕೋಶಗಳ ಬೆಸುಗೆಯನ್ನು ಕಡಿಯುವುದರಿಂದ ಇದು ಬರುತ್ತದೆ. ಸ್ಟೀರಾಯ್ಡ್ ಔಷಧಿ ದೊರೆಯುವ ಮೊದಲು ಈ ರೋಗಿಗಳಲ್ಲಿ ಬಹುಪಾಲು ಜನ ಬದುಕುತ್ತಿರಲಿಲ್ಲ.

ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧಿ ಪ್ರಾಣ ಉಳಿಸುತ್ತದೆ; ಆದರೆ ತೊಂದರೆಯನ್ನೂ ತರಬಲ್ಲದು. ಸ್ಟೀರಾಯ್ಡಿನಿಂದ ಮುಖ ಊದಿಕೊಳ್ಳಬಹುದು, ಸಕ್ಕರೆ ಕಾಯಿಲೆ ಕಾಣಿಸಬಹುದು, ಮೂಳೆ ಸವೆಯಬಹುದು. ಮುಖ ಊದಿತೆಂದು ಹೆದರಿ ತಾವಾಗಿಯೇ ಗುಳಿಗೆ ಬಿಟ್ಟ ಗೃಹಿಣಿಯೊಬ್ಬರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ನಮ್ಮಲ್ಲಿಗೆ ಎತ್ತಿನ ಗಾಡಿಯಲ್ಲಿ ತಂದಿದ್ದರು. ಬಹುದಿನ ಸೇವಿಸಿದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ರಕ್ತದ ಒತ್ತಡ ಕುಸಿಯುತ್ತದೆ. ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸತಕ್ಕದ್ದು.

ಆಕೆ ಚೇತರಿಸಿಕೊಂಡ ಮೇಲೆ ಪತಿ ಮೆಲ್ಲನೆ ಕೇಳಿದ ಪ್ರಶ್ನೆ: "ಡಾಕ್ಟರೇ, ನಮಗೆ ಇನ್ನು ಮಕ್ಕಳಾಗುತ್ತವೆಯೇ?" ಚಿಕಿತ್ಸೆ ಆರಂಭವಾಗುವ ಮುನ್ನವೇ ಕೇಳಬೇಕಾಗಿದ್ದ ಪ್ರಶ್ನೆಯಿದು. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಜೆ. ಎಸ್. ಪಸ್ರೀಚ ಅವರು 1980ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ, 28 ದಿನಗಳಿಗೊಮ್ಮೆ ಸತತ 3 ದಿನ ಡೆಕ್ಸಾಮೆಥಾಸೋನನ್ನೂ ಅದರಲ್ಲಿ ಒಂದು ದಿನ 500 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡನ್ನೂ ರಕ್ತನಾಳದ ಮೂಲಕ ಕೊಡುತ್ತಾರೆ. ಈ ಎರಡನೆಯ ಔಷಧಿ ಸ್ತ್ರೀಯ ಅಂಡಾಶಯವನ್ನೂ ಪುರುಷನ ವೀರ್ಯಾಣುಗಳನ್ನೂ ಕುಂದಿಸುತ್ತದೆ; ಕೆಲವೊಮ್ಮೆ ಶಾಶ್ವತವಾಗಿಯೇ. ಗರ್ಭದಲ್ಲಿರುವ ಶಿಶುವಿಗೆ ಅಂಗದೋಷವನ್ನೂ ಉಂಟುಮಾಡಬಲ್ಲದು. ಮೈಕೋಫಿನೊಲೇಟ್ ಎಂಬ ಗುಳಿಗೆಯೂ ಗರ್ಭಕ್ಕೆ ಅಪಾಯಕಾರಿ.

ಆದುದರಿಂದ, ಇನ್ನೂ ಮಕ್ಕಳು ಬೇಕೆನ್ನುವವರು ಅದನ್ನು ಮೊದಲೇ ತಿಳಿಸಿದರೆ ವೈದ್ಯರು ಬೇರೆ ಔಷಧಿಯನ್ನು ಆರಿಸಬಹುದು. ಇಲ್ಲಿ ಸಂಕೋಚ ಸಲ್ಲದು. ರೋಗಿ ಪತಿಯೇ ಆಗಿದ್ದರೂ ಇದು ಇಬ್ಬರ ವಿಷಯ. ಚಿಕಿತ್ಸೆಯ ಕಾಲದಲ್ಲಿಯೂ, ಅನಂತರ ವೈದ್ಯರು ಹೇಳುವವರೆಗೂ, ನಿರೋಧ್ ಅಥವಾ ಅವರು ಸೂಚಿಸಿದ ಬೇರೆ ವಿಧಾನವನ್ನು ತಪ್ಪದೆ ಅನುಸರಿಸಿರಿ. ಮುಟ್ಟು ನಿಂತಿದೆ, ಇನ್ನು ಗರ್ಭ ನಿಲ್ಲದು ಎಂಬ ನಂಬಿಕೆ ಸರಿಯಲ್ಲ. ಈಗಾಗಲೇ ಗರ್ಭ ನಿಂತಿರುವ ಸಂಶಯವಿದ್ದರೆ ಔಷಧಿಯನ್ನು ತಾವಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಿರಿ.

ಸೈಕ್ಲೋಫಾಸ್ಫಮೈಡ್ ಪಡೆಯುವವರು ಧಾರಾಳವಾಗಿ ನೀರು ಕುಡಿಯತಕ್ಕದ್ದು; ಅದು ಮೂತ್ರಕೋಶವನ್ನು ಕೆರಳಿಸುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮರುದಿನದ ಸಂತೆಯವರೆಗೆ ಕಾಯದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಔಷಧಿಯ ಚೀಟಿಯನ್ನು ಮರೆಯದೆ ಜೊತೆಗೆ ತನ್ನಿರಿ.