ಕಾದಂಬರಿಯಲ್ಲಿ ಕೇಳಿಬರುವ ದನಿ

ಕೊಟ್ಟಿಗೆಹಾರದ ಆಷಾಢವನ್ನು ಕಣ್ಣಿಗಿಂತ ಕಿವಿಯೇ ಚೆನ್ನಾಗಿ ಬಲ್ಲುದು. ಮಂಜು ಕವಿದರೆ ಚಾರ್ಮಾಡಿಯ ರಸ್ತೆ ಕಾಣದು; ಘಟ್ಟವೇರಿ ಬರುವ ಮೋಟಾರನ್ನು ಅದರ ಏದುಸಿರಿನಿಂದಲೇ ಗುರುತಿಸಬೇಕು.

ಇಂಥ ಸಂಜೆಗೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳು ತಕ್ಕವು. ಮನೆಯಲ್ಲಿ ಒಬ್ಬರು ಓದುವುದು, ಉಳಿದವರು ಸುತ್ತ ಕುಳಿತು ಕೇಳುವುದು ಅಂದಿನ ವಾಡಿಕೆ. ಡಿಕನ್ಸ್ 1858ರಿಂದ 1870ರವರೆಗೆ ಹಣ ಪಡೆದೇ ಸಭೆಗಳಲ್ಲಿ ತನ್ನ ಕಥೆಗಳನ್ನು ಓದಿದ. ಗಮಕದ ನಾಡಿನವರಾದ ನಮಗೆ ಇದೇನೂ ಹೊಸದಲ್ಲ.

ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ (1847) ನೋಡಿ. ದೊಡ್ಡ ಮನೆಯೊಂದಕ್ಕೆ ಪಾಠ ಹೇಳಲು ಬಂದ ಜೇನ್, ಮೇಲಂತಸ್ತಿನಲ್ಲಿ ವಿಚಿತ್ರವಾದ ನಗೆಯೊಂದನ್ನು ಕೇಳುತ್ತಾಳೆ. ಹೊಲಿಗೆಯ ಕೆಲಸದವಳು ನಕ್ಕಳೆಂದು ಹೇಳಿ ಆಕೆಯನ್ನು ಸುಮ್ಮನಾಗಿಸುತ್ತಾರೆ. ನಕ್ಕವಳು ಯಜಮಾನ ಕೂಡಿಹಾಕಿದ್ದ ಹೆಂಡತಿ. ಅದೇ ಯಜಮಾನನನ್ನು ವರಿಸಲು ನಿಂತ ದಿನವೇ ಜೇನಳಿಗೆ ಸಂಗತಿ ತಿಳಿಯುವುದು! ಕಿವಿ ಮೊದಲೇ ಹೇಳಿತ್ತು. ಮನೆಯವರ ಮಾತು ಅದನ್ನು ಸುಳ್ಳುಮಾಡಿತ್ತು. ಆ ಪುಸ್ತಕದಲ್ಲಿ ನನ್ನನ್ನು ಕಾಡುವುದು ಪ್ರೇಮವಲ್ಲ, ಆ ನಗೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದದ್ದು 1967ರಲ್ಲಿ. ಕಥೆಯ ಕಾಲ ಮಾತ್ರ ಆ ರಾಣಿಯದೇ. ಹಿರಿಯರು ಗೊತ್ತುಮಾಡಿದ ಮದುವೆಯನ್ನು ಒಲ್ಲದೆ ಹೂವಳ್ಳಿಯ ಚಿನ್ನಮ್ಮ ಇರುಳಿನಲ್ಲಿ ಕಾಡಿಗಿಳಿಯುತ್ತಾಳೆ. ಅಂಥ ಕತ್ತಲಲ್ಲಿ ಕಣ್ಣಿಗೇನು ಕೆಲಸ? ಜಗಲಿಯಲ್ಲಿ ಗಂಡಸರು ಆಡಿದ ಮಾತನ್ನು ಬಾಗಿಲ ಮರೆಯಲ್ಲಿ ಕೇಳಿಯೇ ತಮ್ಮ ಹಣೆಬರಹ ತಿಳಿಯುತ್ತಿದ್ದ ಮಲೆನಾಡಿನ ಹೆಂಗಸರಿಗೆ ಕಿವಿಗೊಡುವುದನ್ನು ಕಲಿಸಬೇಕಾಗಿರಲಿಲ್ಲ.

ಮೂಡಿಗೆರೆಯಲ್ಲೇ ನೆಲಸಿದ್ದ ಕುವೆಂಪು ಅವರ ಮಗ ತೇಜಸ್ವಿಯವರ ಬರಹಗಳಲ್ಲಿ ಒಂದು ನಾಯಿ ಓಡಾಡುತ್ತದೆ. ಅದರ ಹೆಸರು ‘ಕಿವಿ’.