ಬಾಯಿಮಾತು ಬೇಡ, ಬರೆದು ಕೊಡಿ!



ವೈರಿಂಗ್ ಕೆಲಸ ಕಲಿತ ಹೊಸತರಲ್ಲಿ ಒಂದು ಮನೆಗೆ ನಾನು ರೇಟು ಕೊಟ್ಟೆ. ಹೇಗೆ? ಸಿಗರೇಟು ಪ್ಯಾಕಿನ ಹಿಂದೆ ಒಂದೇ ಒಂದು ಮೊತ್ತ ಗೀಚಿ! ಕೆಲಸ ಮುಗಿಯುವ ಹೊತ್ತಿಗೆ ಮನೆಯವರು ಆರು ಪಾಯಿಂಟು ಹೆಚ್ಚಿಗೆ ಹಾಕಿಸಿದ್ದರು. ಹಣ ಕೇಳಿದರೆ, 'ಎಲ್ಲಾ ಸೇರಿಸಿ ತಾನೇ ಹೇಳಿದ್ದು?' ಅಂದರು. ಅವರದು ಮೋಸವಲ್ಲ. ನನ್ನ ಚೀಟಿಯಲ್ಲಿ ಉತ್ತರವೇ ಇರಲಿಲ್ಲ. ಇಬ್ಬರು ಹುಡುಗರ ಕೂಲಿ ನನ್ನ ಜೇಬಿನಿಂದ ಹೋಯಿತು.

ಕೈಯಲ್ಲಿ ಕಸುಬಿದ್ದೂ ನಮ್ಮ ಹುಡುಗರು ಸೋಲುವುದು ಇಲ್ಲೇ. ನೀಟಾದ ಕೊಟೇಷನ್ ಹಿಡಿದು ಬಂದವನು ಗುತ್ತಿಗೆದಾರನಾಗುತ್ತಾನೆ. ನೀವು ಅವನ ಕೈಕೆಳಗೆ ದಿನಗೂಲಿ! ಎಷ್ಟು ದಿನ ಹೀಗೆ?

ಇದೇನು ಬ್ರಹ್ಮವಿದ್ಯೆಯಲ್ಲ. ಮೊದಲು ಜಾಗ ನೋಡಿ, ಎಣಿಸಿ. ಲೈಟ್ ಪಾಯಿಂಟ್ ಎಷ್ಟು, ಪವರ್ ಪಾಯಿಂಟ್ ಎಷ್ಟು, ಒಂದೊಂದಕ್ಕೆ ದರ ಏನು? ಆಮೇಲೆ ಹೆಚ್ಚಿಗೆ ಕೇಳುವ ಪಾಯಿಂಟಿಗೆ ಎಷ್ಟೆಂದು ಈಗಲೇ ಬರೆಯಿರಿ. ಸಾಮಾನು ಬೇರೆ, ಕೂಲಿ ಬೇರೆ ತೋರಿಸಿ. 'ಒಳ್ಳೆ ವೈರು' ಎಂದರೆ ಏನೂ ಹೇಳಿದಂತಾಗಲಿಲ್ಲ. ಲೈಟಿಗೆ 1.5, ಪವರ್ ಸಾಕೆಟ್ಟಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಐಎಸ್ಐ ಗುರುತಿನದು ಎಂದು ಬಿಡಿಸಿ ಬರೆಯಿರಿ. ಆಗ ತೆಳು ವೈರು ಎಳೆದು ಕಡಿಮೆ ರೇಟು ಹೇಳುವವನ ಬಣ್ಣ ತಾನಾಗಿ ಬಯಲಾಗುತ್ತದೆ.

ಯಾವುದು ಸೇರಿಲ್ಲ ಎಂಬುದನ್ನೂ ಬರೆಯಿರಿ. ಗೋಡೆ ಕೊರೆದ ಮೇಲೆ ಗಾರೆ ಮೆತ್ತುವುದು ಯಾರು? ಫ್ಯಾನು ತರುವವರು ಯಾರು? ಪೈಪು ಹೂತಾಗ ಎಷ್ಟು ಹಣ, ವೈರು ಎಳೆದಾಗ ಎಷ್ಟು, ಪರೀಕ್ಷಿಸಿ ಒಪ್ಪಿಸಿದಾಗ ಎಷ್ಟು?

ತಾಮ್ರದ ಬೆಲೆ ಏರಿಳಿಯುತ್ತಲೇ ಇರುತ್ತದೆ. ತಾರೀಖು ಹಾಕಿ, 'ಈ ದರ 15 ದಿನ ಮಾತ್ರ' ಎಂದು ಬರೆಯಿರಿ. ಗಡುವಿನೊಳಗೆ ಅವರು ಒಪ್ಪದಿದ್ದರೆ, 1872ರ ಕರಾರು ಕಾಯಿದೆಯ ಪ್ರಕಾರ ಆ ಮಾತು ಅಲ್ಲಿಗೇ ಮುಗಿಯಿತು. ಜಿಎಸ್‌ಟಿ ನೋಂದಣಿ ಇದ್ದರೆ ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ. ನೋಂದಣಿ ಇಲ್ಲದವರು ಆ ತೆರಿಗೆ ವಸೂಲು ಮಾಡುವಂತಿಲ್ಲ, ನೆನಪಿರಲಿ.

ಮನೆಯವರು ಕನ್ನಡ ಓದುವವರಾದರೆ ಕನ್ನಡದಲ್ಲೇ ಬರೆಯಿರಿ. ಇಬ್ಬರಿಗೂ ಅರ್ಥವಾಗದ ಇಂಗ್ಲಿಷಿಗೆ ಇಬ್ಬರೂ ಸಹಿ ಹಾಕಿ ಆಮೇಲೆ ಜಗಳವಾಡುವುದು ಯಾವ ಜಾಣತನ? ಎರಡು ಪ್ರತಿ ಮಾಡಿ, ಸಹಿ ಹಾಕಿಸಿ, ಒಂದನ್ನು ನೀವು ಇಟ್ಟುಕೊಳ್ಳಿ.

ಗೆಳೆಯರೇ, ನಿಮ್ಮ ಬೆವರಿನ ಬೆಲೆಯನ್ನು ನೀವೇ ಬರೆಯಿರಿ. ನೀವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ!