ಫ್ಲೂ ಜ್ವರ ಮತ್ತೆ ಮತ್ತೆ ಬರುವುದೇಕೆ?



ಕಳೆದ ಮಳೆಗಾಲದಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬರನ್ನು, ಜ್ವರ ಬಂದ ಐದನೆಯ ದಿನ, ಅವರ ಪತಿ ನಮ್ಮ ಆರೋಗ್ಯ ಕೇಂದ್ರಕ್ಕೆ ಕರೆತಂದರು. ಅಷ್ಟರಲ್ಲಿ ಆಕೆಗೆ ಉಸಿರಾಡುವುದೇ ಕಷ್ಟವಾಗಿತ್ತು. ಕೂಡಲೇ ಬೆಳಗಾವಿಗೆ ಕಳುಹಿಸಿದೆವು. ತಾಯಿಯೂ ಶಿಶುವೂ ಉಳಿದರು. "ಸಾಹೇಬ್ರ, ಹೋದ ವರ್ಷನೂ ಇದ ಜ್ವರ ಬಂದು ತಾನ ಹೋಗಿತ್ರಿ. ಈ ಸಲಾನೂ ಹಂಗ ಹೋಗತೈತಿ ಅಂದ್ಕೊಂಡಿದ್ನಿರಿ" ಎಂದು ಆ ಪತಿ ಕಣ್ಣೀರಿಟ್ಟರು.

ಒಮ್ಮೆ ಬಂದ ಜ್ವರ ಮತ್ತೆ ಬರುವುದೇಕೆ? ಬಂದಾಗ ಐದು ದಿನ ಕಾಯಬಾರದೇಕೆ? ಇನ್‌ಫ್ಲುಯೆಂಜಾ ವಿಷಾಣುವು ತನ್ನ ನಕಲನ್ನು ತಾನೇ ತೆಗೆಯುವ ರೀತಿಯನ್ನು ಅರಿತರೆ ಎರಡಕ್ಕೂ ಉತ್ತರ ದೊರೆಯುತ್ತದೆ.

ವಿಷಾಣುವಿನೊಳಗೆ ಆರ್‌ಎನ್‌ಎ ಎಂಬ ವಸ್ತುವಿನ ಎಂಟು ತುಣುಕುಗಳಿವೆ. ಅವುಗಳನ್ನು ಎಂಟು ಹಾಳೆಗಳ ಒಂದು ದಸ್ತಾವೇಜು ಎಂದು ಭಾವಿಸಿರಿ. ಹೊಸ ವಿಷಾಣುವನ್ನು ಕಟ್ಟುವ ಕ್ರಮವೆಲ್ಲವೂ ಅದರಲ್ಲಿ ಸುಮಾರು 13,500 ಅಕ್ಷರಗಳಲ್ಲಿ ಅಡಗಿದೆ. ರೋಗಿಯು ಕೆಮ್ಮಿದಾಗ ಸಿಡಿಯುವ ಹನಿಗಳ ಮೂಲಕ ವಿಷಾಣು ನಮ್ಮ ಶ್ವಾಸನಾಳದ ಜೀವಕೋಶವನ್ನು ಹೊಕ್ಕು, ಈ ದಸ್ತಾವೇಜನ್ನು ಕೋಶಕೇಂದ್ರಕ್ಕೆ ಮುಟ್ಟಿಸುತ್ತದೆ.

ಅಲ್ಲಿ ನಮ್ಮ ಜೀವಕೋಶವು ತನ್ನ ಕೆಲಸಗಳಿಗಾಗಿ ಆಜ್ಞಾಪತ್ರಗಳನ್ನು ಬರೆಯುತ್ತಿರುತ್ತದೆ. ಪ್ರತಿಯೊಂದರ ತಲೆಯ ಮೇಲೂ ಒಂದು ಮೊಹರು ಇರುತ್ತದೆ. ವಿಷಾಣು ತನ್ನೊಡನೆ ತಂದ ಕಿಣ್ವವೊಂದು, ಕಳ್ಳ ನಕಲುಗಾರನಂತೆ, ಆ ಮೊಹರನ್ನು ಕತ್ತರಿಸಿ ತನ್ನ ಪತ್ರಕ್ಕೆ ಅಂಟಿಸುತ್ತದೆ. ವಿಷಾಣುವಿನ ಮೂಲ ಬರಹವು ಕನ್ನಡಿಯಲ್ಲಿ ಕಾಣುವ ಅಕ್ಷರಗಳಂತೆ ತಿರುವುಮುರುವಾದುದು. ಕಿಣ್ವವು ಅದನ್ನು ನೇರವಾಗಿ ಬರೆದಾಗ ಆಜ್ಞಾಪತ್ರವಾಗುತ್ತದೆ. ಮೊಹರನ್ನು ಕಂಡು ನಂಬಿದ ಜೀವಕೋಶವು ವಿಷಾಣುವಿಗೆ ಬೇಕಾದ ಪ್ರೋಟೀನುಗಳನ್ನು ತಾನೇ ತಯಾರಿಸಿ ಕೊಡುತ್ತದೆ. ಇತ್ತ ಅದೇ ಕಿಣ್ವವು ಮೂಲದಿಂದ ಪೂರ್ಣ ನೇರ ಪ್ರತಿಯನ್ನೂ, ಆ ಪ್ರತಿಯಿಂದ ಮತ್ತೆ ತಿರುವು ಪ್ರತಿಗಳನ್ನೂ ತೆಗೆಯುತ್ತಾ ಹೋಗುತ್ತದೆ. ಒಂದು ದಿನ ಕಳೆಯುವುದರೊಳಗೆ ಒಂದು ಕೋಶದಿಂದ ಸಾವಿರಾರು ಹೊಸ ವಿಷಾಣುಗಳು ಹೊರಬೀಳಬಲ್ಲವು.

ನಮ್ಮ ಕೋಶವು ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ತಪ್ಪುಗಳನ್ನು ತಿದ್ದಿಕೊಳ್ಳುತ್ತದೆ. ವಿಷಾಣುವಿನ ನಕಲುಗಾರನಿಗೆ ಆ ಶಿಸ್ತು ಇಲ್ಲ. ಉಳಿದ ತಪ್ಪುಗಳಲ್ಲಿ ಕೆಲವು ಅದರ ಹೊರಮೈಯ ಮುಳ್ಳುಗಳ ರೂಪವನ್ನು ಬದಲಿಸುತ್ತವೆ. ಹೋದ ವರ್ಷ ಆ ಮುಳ್ಳುಗಳ ಗುರುತು ಹಿಡಿದಿದ್ದ ನಮ್ಮ ದೇಹದ ರಕ್ಷಣಾಶಕ್ತಿಯು ಈ ವರ್ಷ ಶತ್ರುವನ್ನು ಸರಿಯಾಗಿ ಗುರುತಿಸಲಾರದು. ಜ್ವರ ಮತ್ತೆ ಬರುವುದು ಇದರಿಂದಲೇ.

ಎರಡು ಬಗೆಯ ವಿಷಾಣುಗಳು ಒಂದೇ ಕೋಶವನ್ನು ಹೊಕ್ಕರೆ ಹಾಳೆಗಳು ಬೆರೆತು ಹೊಸ ದಸ್ತಾವೇಜೇ ಹುಟ್ಟಬಹುದು. 1957 ಮತ್ತು 1968ರಲ್ಲಿ ಮನುಷ್ಯರ ಮತ್ತು ಹಕ್ಕಿಗಳ ವಿಷಾಣುಗಳು ಹೀಗೆ ಬೆರೆತವು. 2009ರಲ್ಲಿ ಹಂದಿಗಳಲ್ಲಿದ್ದ ವಿಷಾಣುಗಳ ಬೆರಕೆಯಿಂದ ಹುಟ್ಟಿದ ಎಚ್1ಎನ್1 ಜಗತ್ತನ್ನು ಸುತ್ತಿತು. ಭಾರತದಲ್ಲಿ ಅದರ ಮೊದಲ ಸಾವು ಅದೇ ಆಗಸ್ಟ್‌ನಲ್ಲಿ ಪುಣೆಯಲ್ಲಿ ಸಂಭವಿಸಿತು. ಪುಣೆಯ ಹೆದ್ದಾರಿ ನಮ್ಮ ನಿಪ್ಪಾಣಿಯ ಮೇಲೆಯೇ ಹಾದುಹೋಗುತ್ತದೆ. ಜನರ ದೇಹಕ್ಕೆ ಪರಿಚಯವಿಲ್ಲದ ವಿಷಾಣು ಎಷ್ಟು ಘೋರವಾಗಬಲ್ಲದೆಂಬುದನ್ನು 1918 ತೋರಿಸಿತು. ಮುಂಬಯಿ ಬಂದರಿಗೆ ಬಂದ ಆ ಜ್ವರ ರೈಲುಮಾರ್ಗಗಳಗುಂಟ ಹರಡಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು.

ಗರ್ಭಿಣಿಯರಿಗೆ ಈ ಜ್ವರ ಹೆಚ್ಚು ಅಪಾಯಕಾರಿ. ಗರ್ಭ ಬೆಳೆದಂತೆ ಹೃದಯ, ಶ್ವಾಸಕೋಶಗಳ ಮೇಲೆ ಭಾರ ಹೆಚ್ಚುತ್ತದೆ, ರಕ್ಷಣಾಶಕ್ತಿಯಲ್ಲಿಯೂ ಬದಲಾವಣೆಯಾಗುತ್ತದೆ. ಆದುದರಿಂದ ಗರ್ಭಿಣಿಗೆ ಜ್ವರ, ಕೆಮ್ಮು, ಮೈಕೈ ನೋವು ಒಟ್ಟಿಗೆ ಕಂಡ ದಿನವೇ ವೈದ್ಯರಲ್ಲಿಗೆ ಕರೆತನ್ನಿರಿ. ಓಸೆಲ್ಟಾಮಿವಿರ್ ಎಂಬ ಔಷಧವು ಹೊಸ ವಿಷಾಣುಗಳು ಕೋಶದಿಂದ ಬಿಡಿಸಿಕೊಂಡು ಹೋಗುವುದನ್ನು ತಡೆಯುತ್ತದೆ. ನಕಲುಗಳು ಮೈತುಂಬ ಹರಡುವ ಮುನ್ನ, ಅಂದರೆ ಮೊದಲ 48 ಗಂಟೆಗಳಲ್ಲಿ, ಕೊಟ್ಟರೆ ಗುಣ ಹೆಚ್ಚು. ತಡವಾಯಿತೆಂದು ಬರದೆ ಇರಬೇಡಿರಿ. ಆಗಲೂ ಚಿಕಿತ್ಸೆ ಉಂಟು. ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಮಾತ್ರೆಗಳು ಈ ವಿಷಾಣುವನ್ನು ಕೊಲ್ಲಲಾರವು.

ವಿಷಾಣು ಬದಲಾಗುವುದರಿಂದಲೇ ಲಸಿಕೆಯನ್ನೂ ವರ್ಷವರ್ಷ ಪರಿಷ್ಕರಿಸುತ್ತಾರೆ. ಗರ್ಭಿಣಿಯು ಯಾವ ತಿಂಗಳಲ್ಲಾದರೂ ಫ್ಲೂ ಚುಚ್ಚುಮದ್ದನ್ನು ಪಡೆಯಬಹುದು. ಆರು ತಿಂಗಳೊಳಗಿನ ಶಿಶುವಿಗೆ ಈ ಲಸಿಕೆ ಇಲ್ಲ; ತಾಯಿ ಪಡೆದ ಲಸಿಕೆಯೇ ಅದಕ್ಕೂ ರಕ್ಷೆ. ಲಸಿಕೆ ದೊರೆಯುವ ಸ್ಥಳವನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿರಿ.

ಪತಿಯರಿಗೆ ಒಂದು ಮಾತು. ಜ್ವರವಿರುವಾಗ ಮಡದಿಯನ್ನು ಕಬ್ಬಿನ ಗದ್ದೆಗಾಗಲಿ ತಂಬಾಕಿನ ಕೆಲಸಕ್ಕಾಗಲಿ ಕಳುಹಿಸಬೇಡಿರಿ. ನಿಮಗೇ ಜ್ವರ ಬಂದಿದ್ದರೆ ಚಿಂಚಲಿ ಜಾತ್ರೆಯ ಗದ್ದಲದಿಂದ ದೂರವಿರಿ; ಮನೆಯಲ್ಲಿ ಮೂಗು ಬಾಯಿ ಮುಚ್ಚಿಕೊಂಡು ಬೇರೆ ಮಲಗಿರಿ. ಬಾಣಂತಿಗೆ ಜ್ವರವಿದ್ದರೂ ಎದೆಹಾಲು ನಿಲ್ಲಿಸಬೇಕಿಲ್ಲ. ಕೈ ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುಡಿಸಲಿ. ಏದುಸಿರು, ಎದೆನೋವು, ಮಂಪರು, ಗರ್ಭದ ಶಿಶುವಿನ ಅಲುಗಾಟ ಕಡಿಮೆಯಾಗುವುದು—ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ 108 ವಾಹನವನ್ನು ಕರೆಯಿರಿ.

ವಿಷಾಣು ನಕಲು ತೆಗೆಯಲು ದಿನಗಟ್ಟಲೆ ಕಾಯುವುದಿಲ್ಲ. ನಾವೂ ಕಾಯಬಾರದು.